ಹಳೇ ಟಿವಿ, ನಾಸ್, ರಾಸ್ಪ್‌ಬೆರಿ ಪೈ 4: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯ ಟಿವಿ 2011ರದ್ದು. 32 ಇಂಚು, ಫುಲ್ ಎಚ್‌ಡಿ. ಪ್ಯಾನೆಲ್ ಇನ್ನೂ ಚೆನ್ನಾಗಿದೆ, ಬಣ್ಣ ಮಾಸಿಲ್ಲ. ಇಂಥ ಟಿವಿಯನ್ನು ಗುಜರಿಗೆ ಹಾಕಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪಯ್ಯನ ಹತ್ತಿರ ಯಕ್ಷಗಾನದ ವಿಡಿಯೋ ರಾಶಿ ಇದೆ. ಕೆಲವು ಹಳೇ ಕ್ಯಾಸೆಟ್‌ನಿಂದ ಡಿವಿಡಿಗೆ ಇಳಿಸಿದ್ದು, ಕೆಲವು ಫೋನಿನಲ್ಲಿ ತೆಗೆದದ್ದು. ಎಲ್ಲವೂ ಈಗ ರೂಟರ್ ಪಕ್ಕದ ನಾಸ್‌ನಲ್ಲಿವೆ. ನಾಸ್ ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿದ ಹಾರ್ಡ್ ಡಿಸ್ಕ್ ಪೆಟ್ಟಿಗೆ. ಟಿವಿಗೆ ತಲುಪಿಸುವುದೇ ಕಷ್ಟವಾಗಿತ್ತು. ಟಿವಿ ಓದುವುದು ಎಫ್‌ಎಟಿ32 ಎಂಬ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ. ಅದರಲ್ಲಿ 4 ಜಿಬಿ ದಾಟಿದ ಫೈಲ್ ಹಿಡಿಯುವುದಿಲ್ಲ. ರಾತ್ರಿಯಿಡೀ ನಡೆದ ಆಟ ಅಷ್ಟರಲ್ಲಿ ಮುಗಿಯುತ್ತದಾ? ಟಿವಿಯ ಡಿಎಲ್‌ಎನ್‌ಎಯಲ್ಲಿ (ನೆಟ್‌ವರ್ಕ್ ಮೂಲಕ ವಿಡಿಯೋ ನೋಡುವ ಸೌಲಭ್ಯ) ನಾಸ್ ಕಾಣಿಸುತ್ತಿತ್ತು, ಆದರೆ ಫೋನಿನ ವಿಡಿಯೋಗಳು ಓಡುತ್ತಿರಲಿಲ್ಲ. ಅದು ಟಿವಿಯ ತಪ್ಪಲ್ಲ. ಈಗಿನ ಫೋನ್‌ಗಳು ವಿಡಿಯೋ ಕುಗ್ಗಿಸಲು ಬಳಸುವ ಎಚ್.265 ವಿಧಾನ ಬಂದದ್ದೇ 2013ರಲ್ಲಿ.

ನಾಸ್‌ನಲ್ಲೇ ವಿಡಿಯೋ ಬದಲಾಯಿಸಿ ಕಳಿಸಬಹುದು, ಟ್ರಾನ್ಸ್‌ಕೋಡಿಂಗ್ ಅನ್ನುವುದು ಅದಕ್ಕೇ. ಸಣ್ಣ ನಾಸ್‌ಗೆ ಅಷ್ಟು ಕಸುವು ಇರುವುದಿಲ್ಲ. ನನ್ನ ಸಲಹೆ ಇಷ್ಟೇ: ನಾಸ್ ಫೈಲ್ ಕೊಟ್ಟು ಸುಮ್ಮನಿರಲಿ, ಕುಗ್ಗಿಸಿದ ವಿಡಿಯೋ ಬಿಡಿಸುವ ಕೆಲಸ ಟಿವಿ ಹಿಂದಿನ ಪುಟ್ಟ ಪೆಟ್ಟಿಗೆ ಮಾಡಲಿ.

ಆ ಪೆಟ್ಟಿಗೆ ನಮ್ಮಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಅದರಲ್ಲಿ ಲಿಬ್ರೆಇಎಲ್‌ಇಸಿ ಎಂಬ ಆಪರೇಟಿಂಗ್ ಸಿಸ್ಟಮ್, ಅದರೊಳಗೆ ವಿಡಿಯೋ ಓಡಿಸುವ ಕೋಡಿ. ನಾಸ್‌ನ ಫೋಲ್ಡರನ್ನು ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಧಾನ) ಮೂಲಕ ಸೇರಿಸಿದ್ದೇನೆ. ವೈಫೈ ನೆಚ್ಚಿಕೊಳ್ಳದೆ ಕೇಬಲ್ ಎಳೆದಿದ್ದೇನೆ, ನೀವೂ ಹಾಗೇ ಮಾಡಿ. ಪೈನಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ ತೂತುಗಳಿವೆ. ಪವರ್ ಕೇಬಲ್‌ಗೆ ಹತ್ತಿರದ್ದನ್ನೇ ಬಳಸಿ. ಟಿವಿ ಮೆನುವಿನಲ್ಲಿ ಸಿಇಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ರಿಮೋಟಿನ ಆದೇಶ ಕಳಿಸುವ ಸೌಲಭ್ಯ) ಆನ್ ಮಾಡಿದರೆ ಟಿವಿಯ ರಿಮೋಟಿನಲ್ಲೇ ಕೋಡಿ ನಡೆಯುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ಅಪ್ಪಯ್ಯನಿಗೆ ಎರಡನೇ ರಿಮೋಟ್ ಕೊಡಬೇಕಾಗಲಿಲ್ಲ, ನನಗೆ ಅದೇ ದೊಡ್ಡ ಲಾಭ.

ಚಿತ್ರ ಸರಿಪಡಿಸಲು ಸ್ವಲ್ಪ ತಾಳ್ಮೆ ಬೇಕು. ಮೊದಲು ಎಲ್ಲ ವೇಷಗಳ ಕಿರೀಟದ ತುದಿ ಕತ್ತರಿಸಿ ಹೋಗುತ್ತಿತ್ತು. ಹಳೇ ಟಿವಿಗಳು ಚಿತ್ರದ ಅಂಚನ್ನು ಹೊರಗೆ ತಳ್ಳುತ್ತವೆ. ಪಿಕ್ಚರ್ ಸೈಜ್‌ನಲ್ಲಿ 'ಸ್ಕ್ರೀನ್ ಫಿಟ್' ಅಥವಾ 'ಜಸ್ಟ್ ಸ್ಕ್ಯಾನ್' ಆರಿಸಿದರೆ ಪೂರ್ತಿ ಕಾಣುತ್ತದೆ. ಇನ್ನು ಡಿವಿಡಿಯಿಂದ ಬಂದವುಗಳಲ್ಲಿ, ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುವಾಗ ವೇಷದ ಅಂಚಿಗೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಏಳುತ್ತಿತ್ತು. ಆ ಕಾಲದ ಕ್ಯಾಮೆರಾ ಸೆಕೆಂಡಿಗೆ 50 ಅರ್ಧ ಚಿತ್ರ ಹಿಡಿಯುತ್ತಿತ್ತು: ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಮತ್ತೊಮ್ಮೆ. ಎರಡನ್ನೂ ಒಟ್ಟಿಗೆ ತೋರಿಸಿದರೆ, ಅಷ್ಟರಲ್ಲಿ ಅಲುಗಾಡಿದ್ದೆಲ್ಲ ಸೀಳುತ್ತದೆ. ವಿಡಿಯೋ ಓಡುತ್ತಿರುವಾಗಲೇ ಕೋಡಿಯ ಸೆಟ್ಟಿಂಗ್ಸ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಗಿರಕಿ ನುಣ್ಣಗೆ ಕಾಣುತ್ತದೆ. ಚಂಡೆ ಬಾರಿಸುವ ಕೈ ನೋಡಿ ಪರೀಕ್ಷಿಸಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ದನಿಗೆ ಎರಡೇ ಮಾತು. ಕೋಡಿಯ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ 2.0 (ಎರಡು ಸ್ಪೀಕರ್) ಇಡಿ, ಪಾಸ್‌ಥ್ರೂ (ದನಿಯನ್ನು ಬಿಡಿಸದೆ ಹಾಗೇ ಟಿವಿಗೆ ಕಳಿಸುವುದು) ಆಫ್ ಮಾಡಿ.

ನಮ್ಮಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ನಿಲ್ಲಿಸಿದಲ್ಲಿಂದ ಮುಂದುವರಿಸುವ ಸೌಲಭ್ಯ. ಅಪ್ಪಯ್ಯ ಒಂದು ಪ್ರಸಂಗವನ್ನು ವಾರವಿಡೀ ಸ್ವಲ್ಪ ಸ್ವಲ್ಪ ನೋಡುತ್ತಾರೆ. "ನಿನ್ನೆಯ ಪದ್ಯದಿಂದಲೇ ಶುರುವಾಯ್ತು ನೋಡು" ಅಂತ ಅಮ್ಮನನ್ನು ಕರೆಯುತ್ತಾರೆ.

ತೊಂದರೆಗಳೂ ಇವೆ. ಪೈ 4ರ ಹಾರ್ಡ್‌ವೇರ್ 4ಕೆ ಬಿಡಿಸುವುದು ಎಚ್.265 ಆದರೆ ಮಾತ್ರ. ಅದಕ್ಕಿಂತ ಹಳೇ ಎಚ್.264ಕ್ಕೆ 1080ಪಿಯೇ (ಫುಲ್ ಎಚ್‌ಡಿ) ಮಿತಿ. ಹಾಗಾಗಿ ಫೋನಿನಲ್ಲಿ 4ಕೆ ತೆಗೆಯುವಾಗ ಎಚ್.265 ಆರಿಸಿಕೊಳ್ಳಿ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು, ಅದಕ್ಕೆ ಒಂದು ಎಸ್‌ಡಿ ಕಾರ್ಡ್ ಬಲಿಯಾಯಿತು. ವಿಡಿಯೋಗೆ ಏನೂ ಆಗಲಿಲ್ಲ, ಕೋಡಿಯ ನೆನಪೆಲ್ಲ ಹೋಯಿತು. ಈಗ ಪೈ, ನಾಸ್, ರೂಟರ್ ಮೂರೂ ಯುಪಿಎಸ್ ಮೇಲಿವೆ. ಲಿಬ್ರೆಇಎಲ್‌ಇಸಿಯ ಬ್ಯಾಕಪ್ ಫೈಲ್ ನಾಸ್‌ನಲ್ಲಿದೆ. ನಾಸ್‌ನ ಎರಡು ಡಿಸ್ಕ್‌ನಲ್ಲೂ ಒಂದೊಂದು ಪ್ರತಿ ಇದೆ ಅಂತ ಧೈರ್ಯವಾಗಿರಬೇಡಿ. ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮತ್ತೆ ಸಿಗದ ರೆಕಾರ್ಡಿಂಗ್‌ಗಳನ್ನು ಬೇರೆ ಹಾರ್ಡ್ ಡಿಸ್ಕ್‌ಗೂ ಹಾಕಿಡಿ.

ಯೂಟ್ಯೂಬ್, ಓಟಿಟಿ ಮಾತ್ರ ನೋಡುವ ಮನೆಗೆ ಇಷ್ಟೆಲ್ಲ ಬೇಡ, ಒಂದು ಸ್ಟ್ರೀಮಿಂಗ್ ಸ್ಟಿಕ್ ಸಾಕು.