ಮೇಲ್ ಓದೋದಾ, ನಕ್ಷೆ ಹಾಕೋದಾ?

ಸಾಗರದ ಕಡೆ ಅಡಿಕೆ ವ್ಯಾಪಾರದಲ್ಲಿ ಮೋಸ ಆಗಿದೆ, ತನಿಖೆಗೆ ಸಾವಿರಾರು ಮೇಲ್ ಸಿಕ್ಕಿವೆ ಅಂದುಕೊಳ್ಳಿ. ದಾರಿ ಎರಡು: ಒಳಗಿನ ಬರಹದಲ್ಲಿ ಪದ ಹುಡುಕುವುದು, ಇಲ್ಲವೇ ಯಾರು ಯಾರಿಗೆ ಯಾವಾಗ ಕಳಿಸಿದರು ಅಂತ ನಕ್ಷೆ ಹಾಕುವುದು.

ಪದ ಹುಡುಕೋದು ಸುಲಭ. ಆದರೆ ನಮ್ಮವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ ಅಲ್ವಾ, 'ಅಡಿಕೆ'ಗೇ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್, ಹಾಗಾಗಿ ಎಷ್ಟೋ ಮೇಲ್ ಕೈತಪ್ಪುತ್ತವೆ.

ನಕ್ಷೆಗೆ ಭಾಷೆಯ ಹಂಗಿಲ್ಲ. ಗೆಫಿ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಕಳಿಸಿದವರು, ಪಡೆದವರು, ಸಮಯ ಇಷ್ಟು ಕೊಟ್ಟರೆ ಸಾಕು, ಯಾರ ಕಣ್ಣಿಗೂ ಬೀಳದ ಗುಮಾಸ್ತರೊಬ್ಬರು ಎರಡು ಗುಂಪಿನ ನಡುವೆ ನಿಂತಿರುವುದು ಕಾಣಬಹುದು. ಹಾಗಂತ ಜಾಸ್ತಿ ಮೇಲ್ ಕಳಿಸಿದವರೆಲ್ಲ ಕಳ್ಳರಲ್ಲ! ಕೈ ಪಳಗಿಸಲು ಲೆಕ್ಕಪತ್ರದ ಮೋಸದಿಂದ ಮುಳುಗಿದ ಅಮೆರಿಕದ ಎನ್ರಾನ್ ಕಂಪನಿಯ ಸುಮಾರು 150 ಜನರ 5 ಲಕ್ಷದಷ್ಟು ಮೇಲ್ ಉಚಿತವಾಗಿ ಸಿಗುತ್ತವೆ.

ನನ್ನನ್ನು ಕೇಳಿದರೆ ಮೊದಲು ನಕ್ಷೆ, ಆಮೇಲೆ ಓದು. ಓದುವಾಗ ಹೆಡರ್‌ನಲ್ಲಿ (ಮೇಲ್ ಬಂದ ದಾರಿಯ ವಿವರವಿರುವ ತಲೆಭಾಗ) ಪ್ರತಿ ಸರ್ವರ್ ಬರೆಯುವ 'ರಿಸೀವ್ಡ್' ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಲವು ಸರ್ವರ್‌ಗಳ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ, ನೋಡಿಕೊಳ್ಳಿ. ಯಾವ ದಾರಿ ಹಿಡಿದರೂ ಮೂಲ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಬದಲಾದರೆ ಇದೂ ಬದಲಾಗುತ್ತದೆ) ಮೊದಲೇ ತೆಗೆದಿಡಿ; ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ಅದನ್ನು ಬರೆಯಬೇಕು.