ಫ್ಯಾನ್ ಬಿಚ್ಚಿ ಕಾರ್ಡ್ ಕೂರಿಸಿ ಕೊಟ್ಟರು: ಚಿಕ್ಕ ಪಿಸಿ ಕ್ಯಾಬಿನೆಟ್ ತಗೊಳ್ಳೋರಿಗೆ ಎಚ್ಚರಿಕೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಿಸಿ ಅಸೆಂಬಲ್ ಮಾಡಿಸಬೇಕು ಅಂತಿದ್ದರೆ ಇದನ್ನು ಓದಿಕೊಂಡು ಹೋಗಿ. ಅದರಲ್ಲೂ ನಮ್ಮ ರಾಯಚೂರು, ಬಳ್ಳಾರಿ, ಕಲಬುರಗಿ ಕಡೆಯವರು.

ನನ್ನ ತಮ್ಮನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಮಿಡ್ ಟವರ್ (ಮಧ್ಯಮ ಸೈಜಿನ) ಕ್ಯಾಬಿನೆಟ್ಟೇ ಬೇಕು ಅಂತ ಪಟ್ಟಿಯಲ್ಲಿ ಬರೆದುಕೊಟ್ಟಿದ್ದೆವು. ಅಂಗಡಿಯವರು ಫೋನ್ ಮಾಡಿ, "ಸರ್, ಅದು ಸ್ಟಾಕ್ ಇಲ್ಲ. ಈಗೆಲ್ಲಾ ಕಾಂಪ್ಯಾಕ್ಟೇ ಓಡ್ತಿರೋದು, ನಿಮ್ಮದೆಲ್ಲಾ ಆರಾಮಾಗಿ ಫಿಟ್ ಆಗುತ್ತೆ" ಅಂದರು.

ಫಿಟ್ ಏನೋ ಆಯ್ತು. ಹೇಗೆ ಆಯ್ತು ಅನ್ನೋದು ಪಾರ್ಸೆಲ್ ಊರಿಗೆ ಬಂದು, ಪಕ್ಕದ ಗಾಜು ಬಿಚ್ಚಿ ನೋಡಿದಾಗ ಗೊತ್ತಾಯ್ತು. ಡಬ್ಬದ ಮೇಲೆ ಗ್ರಾಫಿಕ್ಸ್ ಕಾರ್ಡ್ 320 ಮಿ.ಮೀ. ಉದ್ದದವರೆಗೆ ಹಿಡಿಯುತ್ತೆ ಅಂತಿದೆ. ನಮ್ಮ ಕಾರ್ಡು 304. ಜಾಗ ಇನ್ನೂ ಉಳಿಯಬೇಕು, ಅಲ್ವಾ? ಆದರೆ ಆ 320 ಅನ್ನೋದು ಮುಂದುಗಡೆ ಫ್ಯಾನ್ ಇಲ್ಲದಾಗಿನ ಲೆಕ್ಕ. ಫ್ಯಾನಿನ ದಪ್ಪ 25 ಮಿ.ಮೀ. ಕಳೆದರೆ ಸಿಗೋದು 295 ಮಾತ್ರ. ಅದಕ್ಕೆ ಮುಂದಿನ ಎರಡೂ ಫ್ಯಾನ್ ಬಿಚ್ಚಿ, ಸ್ಕ್ರೂ ಸಮೇತ ಕವರಿಗೆ ಹಾಕಿ ಕ್ಯಾಬಿನೆಟ್ ಡಬ್ಬದಲ್ಲೇ ಇಟ್ಟು ಕಳಿಸಿದ್ದರು. ಒಂದು ಮಾತು ಹೇಳಿರಲಿಲ್ಲ. ಬಿಲ್ಲಿನಲ್ಲಿ ಮಾತ್ರ ಅವುಗಳ ದುಡ್ಡು ಹಾಗೇ ಇತ್ತು!

ಕೂಲರ್ ಕಥೆಯೂ ಇದೇ. ಪ್ರೊಸೆಸರ್ ತಂಪು ಮಾಡೋಕೆ ನಾವು ಬರೆದಿದ್ದ ಟವರ್ ಕೂಲರ್ 155 ಮಿ.ಮೀ. ಎತ್ತರ, ಈ ಕ್ಯಾಬಿನೆಟ್ ಹಿಡಿಯೋದು 135. ಹಾಗಾಗಿ ಪ್ರೊಸೆಸರ್ ಜೊತೆ ಫ್ರೀ ಬರುತ್ತಲ್ಲ, ಆ ಗಿಡ್ಡ ಕೂಲರ್ ಕೂರಿಸಿದ್ದರು.

ನನಗೆ ನಿಜಕ್ಕೂ ಭಯ ಆಗಿದ್ದು ಕಾರ್ಡಿನ ಪವರ್ ಕೇಬಲ್ ನೋಡಿ. ಎಷ್ಟೋ ಹೊಸ ಕಾರ್ಡುಗಳಿಗೆ ಬರೋ ಆ ಸಣ್ಣ ಪ್ಲಗ್ಗಿನ ಹತ್ತಿರ ಕೇಬಲ್ಲನ್ನು ಬಗ್ಗಿಸಬಾರದು. ಸುಮಾರು 35 ಮಿ.ಮೀ. ನೇರ ಬಂದ ಮೇಲೇ ತಿರುಗಿಸಬೇಕು ಅಂತಾರೆ. ಇಲ್ಲಿ ಪಕ್ಕದ ಗಾಜು ಅದನ್ನು ಬುಡದಲ್ಲೇ ಮಡಚಿ ಒತ್ತಿ ಹಿಡಿದಿತ್ತು. ಪ್ಲಗ್ ಒಂದು ಬದಿ ಸ್ವಲ್ಪ ಮೇಲೆದ್ದಿದ್ದು ಕಣ್ಣಿಗೇ ಕಾಣ್ತಿತ್ತು. ದೊಡ್ಡ ಕಾರ್ಡುಗಳಲ್ಲಿ ಪ್ಲಗ್ ಸರಿಯಾಗಿ ಕೂರದೆ ಕರಗಿದ ಸುದ್ದಿ 2022ರಿಂದ ಬರ್ತಾನೇ ಇದೆ. ಅದೊಂದನ್ನು ನಾವೇ ಬಿಚ್ಚಿ ಸರಿಯಾಗಿ ಕೂರಿಸಿದೆವು.

ಉಳಿದಿದ್ದಕ್ಕೆ ಅಂಗಡಿಯವರು "ಬಳಸಿ ನೋಡಿ ಸರ್, ಏನೂ ಆಗಲ್ಲ" ಅಂದರು. ಚಳಿಗಾಲದಲ್ಲಿ ಏನೂ ಆಗಲಿಲ್ಲ, ನಿಜ. ಏಪ್ರಿಲ್, ಮೇ ಬಂತು. ಮದುವೆ ಸೀಸನ್ನೂ ಆಗಲೇ, ರಾಯಚೂರಿನ ಬಿಸಿಲು 40 ದಾಟೋದೂ ಆಗಲೇ. ಎಡಿಟ್ ಆದ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಪ್ರೊಸೆಸರ್ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲೋದು, ಆಮೇಲೆ ತಾನಾಗೇ ಸ್ಪೀಡ್ ಇಳಿಸಿಕೊಳ್ಳೋದು. ಗಾಜು ತೆಗೆದು ಟೇಬಲ್ ಫ್ಯಾನ್ ಇಟ್ಟರೆ ಕೆಲಸ ಸಾಗೋದು, ಆದರೆ ಧೂಳೆಲ್ಲಾ ಒಳಗೆ. ವಾಪಸ್ ತಗೊಳ್ಳಿ ಅಂದಿದ್ದಕ್ಕೆ "ಬಳಸಿದ ಕ್ಯಾಬಿನೆಟ್ ವಾಪಸ್ ಇಲ್ಲ" ಅಂದರು. ಬಳಸಿ ನೋಡಿ ಅಂದವರೂ ಅವರೇ!

ಕೊನೆಗೆ ಮೈಕ್ರೋ ಎಟಿಎಕ್ಸ್ ಅನ್ನೋ ಚಿಕ್ಕ ಸೈಜಿನ ಮದರ್‌ಬೋರ್ಡನ್ನೇ ಇಟ್ಟುಕೊಂಡು ಮಿಡ್ ಟವರ್‌ಗೆ ಬದಲಾಯಿಸಿದೆವು. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡ್ ಸಲೀಸಾಗಿ ಕೂರುತ್ತೆ, ಉಲ್ಟಾ ಆಗಲ್ಲ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂಡ ಹಳೆಯದೇ. ಇನ್ನೂ ಚಿಕ್ಕದಾದ ಮಿನಿ ಐಟಿಎಕ್ಸ್ ಕ್ಯಾಬಿನೆಟ್ ನೋಡ್ತಿರೋರು ಇಲ್ಲಿ ಹುಷಾರು. ಅದರಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಎಸ್‌ಎಫ್‌ಎಕ್ಸ್ ಅನ್ನೋ ಪುಟ್ಟ ಎಸ್‌ಎಂಪಿಎಸ್ಸೇ ಬೇಕು. ಅಷ್ಟೇ ವ್ಯಾಟ್‌ಗೆ ರೇಟು ಜಾಸ್ತಿ.

ಹಾಗಂತ ಚಿಕ್ಕದೆಲ್ಲಾ ಕೆಟ್ಟದ್ದು ಅಂತಲ್ಲ. ಟ್ಯಾಲಿ, ಬ್ರೌಸಿಂಗ್, ಮಕ್ಕಳ ಪಾಠ ಅಷ್ಟೇ ಆದರೆ, ಗ್ರಾಫಿಕ್ಸ್ ಕಾರ್ಡೇ ಬೇಡ ಅಂದರೆ, ಸುಮ್ನೆ ದೊಡ್ಡ ಡಬ್ಬ ಯಾಕೆ? ಕಾರ್ಡ್ ಹಾಕಿಸೋರು ಮಾತ್ರ "ಮುಂದಿನ ಫ್ಯಾನ್ ಇದ್ದಾಗ ಎಷ್ಟು ಮಿ.ಮೀ. ಉಳಿಯುತ್ತೆ" ಅಂತಲೇ ಕೇಳಿ. ಪಟ್ಟಿಯಲ್ಲಿ ಏನೇ ಬದಲಾದರೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗಾಜು ಮುಚ್ಚೋ ಮುಂಚೆ ಒಳಗಿನ ಫೋಟೋ ತರಿಸಿಕೊಂಡು, ಆಮೇಲೆ ಬಾಕಿ ದುಡ್ಡು ಕಳಿಸಿ.