ಬದಿಯಡ್ಕದ ವೆಬ್‌ಸೈಟ್ ರಿಪೇರಿ ಅಂಗಡಿ: ಕೆಲಸ ಪಕ್ಕಾ

ನಮ್ಮ ಅಡಿಕೆ ಅಂಗಡಿಯ ಹಳೇ ಸೈಟನ್ನು ಪಿಎಚ್‌ಪಿ (ಸೈಟ್ ನಡೆಸುವ ಪ್ರೋಗ್ರಾಮಿಂಗ್ ಭಾಷೆ) 7.4ರಿಂದ 8ಕ್ಕೆ ಏರಿಸಿದ್ದೇ ತಡ, ಪುಟ ಪೂರ್ತಿ ಬಿಳಿ. ಎರರ್ ಬರೆದಿಡುವ ಲಾಗ್‌ನಲ್ಲಿ ಒಂದೇ ಸಾಲು: ‘ಕ್ಯಾನಾಟ್ ರಿಡಿಕ್ಲೇರ್ ಸ್ಟ್ರ್_ಕಂಟೇನ್ಸ್’, ಅಂದರೆ ಆ ಹೆಸರನ್ನು ಮತ್ತೆ ಬಳಸಿ ಫಂಕ್ಷನ್ ಮಾಡಲಾಗದು ಅಂತ. ಹಿಂದೆ ಕೋಡ್ ಬರೆದವರು ‘ಸ್ಟ್ರ್_ಕಂಟೇನ್ಸ್’ ಹೆಸರಲ್ಲೇ, ಬರಹದೊಳಗೆ ಒಂದು ಪದ ಇದೆಯಾ ಅಂತ ನೋಡುವ ಸ್ವಂತ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಮಾಡಿಟ್ಟಿದ್ದರು. 2020ರಲ್ಲಿ ಬಂದ ಪಿಎಚ್‌ಪಿ 8ರಲ್ಲಿ ಅದು ಭಾಷೆಯ ಒಳಗೇ ಇದೆ. ಒಂದೇ ಹೆಸರು ಎರಡು ಸಲ ಬಂದರೆ ಪಿಎಚ್‌ಪಿ ಒಪ್ಪಲ್ಲ.

ಸುಮ್ನೆ ‘ಫಂಕ್ಷನ್_ಎಕ್ಸಿಸ್ಟ್ಸ್’ ಅಂತ ಒಂದು ಇಫ್ ಹಾಕಿ (ಆ ಹೆಸರು ಮೊದಲೇ ಇದ್ದರೆ ನಮ್ಮದನ್ನು ಬಿಟ್ಟುಬಿಡು ಅಂತ) ದುಡ್ಡು ತಗೊಂಡು ಕಳಿಸಬಹುದಿತ್ತು. ಎರರ್ ಹೋಗುತ್ತಿತ್ತು, ಆದರೆ ನಮ್ಮ ಫಂಕ್ಷನ್ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಅಂತ ಭೇದ ಮಾಡುತ್ತಿರಲಿಲ್ಲ, ಪಿಎಚ್‌ಪಿಯದ್ದು ಮಾಡುತ್ತದೆ, ಹಾಗಾಗಿ ಗಿರಾಕಿಗಳ ಹೆಸರು ಹುಡುಕಿದರೆ ಎಷ್ಟೋ ಸಿಗುತ್ತಲೇ ಇರಲಿಲ್ಲ. ಈ ಅಂಗಡಿಯವರು ನಮ್ಮ ಫಂಕ್ಷನ್ನಿನ ಹೆಸರನ್ನೇ ಬದಲಿಸಿ, ಅದನ್ನು ಬಳಸಿದ ಕಡೆಯೆಲ್ಲ ತಿದ್ದಿದರು. ಹಳೇ ಪಿಎಚ್‌ಪಿಯಲ್ಲೂ ಓಡುತ್ತದೆ. ಕೆಲಸ ಅಂದರೆ ಇದು!

ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡ್‌ನಲ್ಲೂ ದರ ಲೆಕ್ಕದ ಫಂಕ್ಷನ್ ಒಂದೇ ಹೆಸರಲ್ಲಿ ಎರಡೆರಡು ಇತ್ತಂತೆ. ಅಲ್ಲಿ ಎರರ್ರೇ ಬರಲ್ಲ, ಕೊನೆಗೆ ಬರೆದದ್ದೇ ನಡೆಯುತ್ತದೆ. ಕೋಡನ್ನು ಮಾಡ್ಯೂಲ್ (ಬೇರೆ ಫೈಲಿನಲ್ಲಿ ಇಂಪೋರ್ಟ್ ಮಾಡಬಹುದಾದ ಫೈಲ್) ಮಾಡಿದರೆ ತಕರಾರು ಬರುತ್ತದೆ. ಮೊದಲನೆಯದ್ದನ್ನು ಅಳಿಸಿ ಕೊಟ್ಟರು.

ಫೋನ್ ಮಾತ್ರ ಎತ್ತುವುದಿಲ್ಲ ಮಾರಾಯ್ರೆ, ಬಸ್ ಹತ್ತಿ ಹೋಗಿಯೇ ಕೇಳಬೇಕು. ಊರು ಕೇರಳದ್ದಲ್ಲವೇ, ಬಿಲ್ ಮಲಯಾಳದಲ್ಲಿತ್ತು, ಕೇಳಿದ ಮೇಲೆ ಕನ್ನಡದಲ್ಲೂ ಬರೆದುಕೊಟ್ಟರು.